ಬೇಸಿಗೆಯಲ್ಲಿ ಬತ್ತುವ ದನಿ: ಸಣ್ಣ ಎ.ಎಂ. ಬಾನುಲಿ ಕೇಂದ್ರವೊಂದರ ದೋಷ ಪತ್ತೆ ಮತ್ತು ನಿವಾರಣೆ

ಮಲೆನಾಡಿನಲ್ಲಿ ಕರೆಂಟು ಹೋದರೂ, ಫೋನು ಸತ್ತರೂ, ರೇಡಿಯೋ ಕರಕರ ಎಂದರೂ ಮೊದಲ ಆರೋಪ ಬೀಳುವುದು ಮಳೆಯ ಮೇಲೆ. ಬಹಳ ಸಲ ಆ ಆರೋಪ ನಿಜವೂ ಆಗಿರುತ್ತದೆ. ಈ ಬರಹದಲ್ಲಿ ವಿವರಿಸಲಿರುವ ದೋಷ ಮಾತ್ರ ಅದಕ್ಕೆ ತದ್ವಿರುದ್ಧವಾದದ್ದು: ಮಳೆಗಾಲದಲ್ಲಿ ಸುಮ್ಮನಿದ್ದು, ನೆಲ ಒಣಗುತ್ತಾ ಹೋದಂತೆ ತಲೆ ಎತ್ತುವಂಥದ್ದು. ಕೆಲವು ವರ್ಷ ಮೌನವಾಗಿದ್ದ 1 ಕಿಲೋವ್ಯಾಟ್‌ನ ಸಣ್ಣ ಮಧ್ಯಮ ತರಂಗ ಕೇಂದ್ರವೊಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಕೆಲಸದಲ್ಲಿ ನಾವು ಈ ದೋಷಕ್ಕೆ ಎದುರಾದೆವು. ಅದನ್ನು ಹುಡುಕುವಲ್ಲಿ ಒಂದು ಇಡೀ ಬೇಸಿಗೆ ಕಳೆದುಹೋಯಿತು. ಇಂಥದ್ದೇ ಕೇಂದ್ರವನ್ನು ಕೈಗೆತ್ತಿಕೊಂಡವರಿಗೆ ಅಷ್ಟು ಕಾಲ ವ್ಯರ್ಥವಾಗಬಾರದೆಂದು, ನಾವು ನಡೆದ ದಾರಿಯನ್ನು, ತಪ್ಪಿದ ತಿರುವುಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಎ.ಎಂ., ಅಂದರೆ ಈ ಮಧ್ಯಮ ತರಂಗದ ಪ್ರಸಾರ, ಏಕೆ ಬೇಕು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. ಎಫ್.ಎಂ. ತರಂಗ ಹೆಚ್ಚುಕಡಿಮೆ ಕಣ್ಣೋಟದ ದಾರಿಯಲ್ಲಿ ಸಾಗುವುದರಿಂದ ಗುಡ್ಡದ ಹಿಂದಿನ ಹಳ್ಳಿಗೆ ಅದು ಸರಿಯಾಗಿ ತಲುಪುವುದಿಲ್ಲ. ಮಧ್ಯಮ ತರಂಗ ನೆಲವನ್ನು ಹಿಡಿದುಕೊಂಡೇ ಹೋಗಿ, ಗುಡ್ಡದ ಮೈಗೆ ಬಾಗಿ, ಕಣಿವೆಯೊಳಕ್ಕೂ ಇಳಿಯುತ್ತದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಪ್ರಸಾರವನ್ನು ಘಟ್ಟದ ಅಂಚಿನ ಒಂಟಿ ಮನೆಗಳಲ್ಲಿ ಕೂತು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಸಮುದಾಯ ಬಾನುಲಿಗೆ ದೊರೆಯುವ ಪರವಾನಗಿ ಎಫ್.ಎಂ. ಪಟ್ಟಿಯದ್ದು, ಹಾಗಾಗಿ ಈಗಾಗಲೇ ಇರುವ ಎ.ಎಂ. ಮಾಸ್ಟ್ (ಪ್ರಸಾರದ ಎತ್ತರದ ಲೋಹಸ್ತಂಭ) ಒಂದನ್ನು ಕಳೆದುಕೊಂಡರೆ ಅದು ಮತ್ತೆ ಆ ಊರಿಗೆ ಬರುವುದು ಬಹಳ ಕಷ್ಟ. ದುರಸ್ತಿಗೆ ಇಷ್ಟು ತಾಳ್ಮೆ ಏಕೆ ಬೇಕೆಂಬುದಕ್ಕೆ ನನ್ನ ಮಟ್ಟಿಗೆ ಇದೇ ಉತ್ತರ.

ದೋಷದ ಲಕ್ಷಣ

ಮಾಪಕಗಳ ಪ್ರಕಾರ ಕೇಂದ್ರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಟ್ರಾನ್ಸ್‌ಮಿಟರಿನ ಮುಮ್ಮುಖ ಶಕ್ತಿಯ, ಅಂದರೆ ಆಂಟೆನಾ ಕಡೆಗೆ ಹೋಗುವ ಶಕ್ತಿಯ, ಮುಳ್ಳು 1000 ವ್ಯಾಟ್ ತೋರಿಸುತ್ತಿತ್ತು. ಆಂಟೆನಾದಿಂದ ತಿರುಗಿ ಬರುವ ಶಕ್ತಿ ಸೊನ್ನೆಯ ಹತ್ತಿರವೇ ಇತ್ತು. ಕೇಂದ್ರದ ಅಂಗಳದಲ್ಲಿ ರೇಡಿಯೋ ಗಟ್ಟಿಯಾಗಿ ಕೇಳುತ್ತಿತ್ತು. ಆದರೆ ಪ್ರಸಾರವ್ಯಾಪ್ತಿಯ ಅಂಚಿನ ಹಳ್ಳಿಗಳಿಂದ, ಜನವರಿ ಕಳೆದ ಮೇಲೆ, ದೂರು ಬರಲಾರಂಭಿಸಿತು. ಒಂದು ತೋಟದ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಹಿರಿಯರೊಬ್ಬರು ನಮಗೆ ಹೇಳಿದ ಮಾತನ್ನು ಅವರು ಆಡಿದ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: "ಮಳೆಗಾಲದಲ್ಲಿ ಅಡ್ಡಿಲ್ಲ ಮಾರಾಯ್ರೆ. ಬೇಸಿಗೆ ಬಂತು ಅಂದ್ರೆ ನಮ್ಮ ಬಾವಿ ನೀರಿನ ಹಾಗೇ ನಿಮ್ಮ ದನಿಯೂ ಬತ್ತಿ ಹೋಗ್ತದೆ."

ಆ ದಿನ ನಾವು ಅದನ್ನು ಬರಿಯ ಹೋಲಿಕೆ ಎಂದುಕೊಂಡೆವು. ದೋಷದ ಮೂಲ ಇದ್ದದ್ದು ಆ ಮಾತಿನಲ್ಲಿಯೇ.

ಈ ದೂರನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹೆಚ್ಚುವುದು ಕಾಡು ಒಣಗಿ ಉಣುಗು ಮೈಗೆ ಹತ್ತುವ ಬೇಸಿಗೆಯ ತಿಂಗಳುಗಳಲ್ಲಿ. ಎಲ್ಲಿ ಮಂಗ ಸತ್ತು ಬಿದ್ದಿದೆ, ಯಾವ ಕಾಡಿಗೆ ದರಗು ಗುಡಿಸಲು ಹೋಗಬಾರದು, ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂಬ ಮಾತು ತಲುಪಬೇಕಾದ ದಿನಗಳಲ್ಲಿಯೇ, ತಲುಪಬೇಕಾದ ಮನೆಗಳಲ್ಲಿಯೇ, ನಮ್ಮ ದನಿ ಬತ್ತುತ್ತಿತ್ತು.

ಮೊದಲು ಕೇಳಬೇಕಾದ ಪ್ರಶ್ನೆ: ಯಾವಾಗ?

ಪೆಟ್ಟಿಗೆ ಬಿಚ್ಚುವ ಮೊದಲು ಕೇಳುಗರಿಂದ ಕಾಲದ ವಿವರವನ್ನು ಸಂಗ್ರಹಿಸಬೇಕು. ರಾತ್ರಿ ಮಾತ್ರ ಕೆಡುವುದಾದರೆ ಕೇಂದ್ರದಲ್ಲಿ ದೋಷವಿಲ್ಲದೆಯೂ ಇರಬಹುದು. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುವುದರಿಂದ, ದೂರದ ಕೇಂದ್ರಗಳ ತರಂಗ ಆಕಾಶದಿಂದ ಮರಳಿ ಬಂದು ನಮ್ಮದರ ಮೇಲೆ ಬೀಳುತ್ತದೆ. ಅದಕ್ಕೆ ದುರಸ್ತಿಯಿಲ್ಲ. ಆದ್ದರಿಂದ ಪರೀಕ್ಷೆಯನ್ನೆಲ್ಲ ನಡು ಮಧ್ಯಾಹ್ನದಲ್ಲಿಯೇ, ಒಂದೇ ರೇಡಿಯೋ ಹಿಡಿದು, ಪ್ರತಿ ಸಲವೂ ಅದೇ ಸೇತುವೆ, ಅದೇ ಶಾಲೆಯ ಅಂಗಳ, ಅದೇ ಬಸ್ ನಿಲ್ದಾಣದಲ್ಲಿ ನಡೆಸಬೇಕು. ರೇಡಿಯೋದ ಒಳಗಿನ, ತರಂಗ ಹಿಡಿಯುವ ಫೆರೈಟ್ ಕಡ್ಡಿ ದಿಕ್ಕಿಗೆ ಸೂಕ್ಷ್ಮವಾಗಿರುವುದರಿಂದ, ದನಿ ಅತಿ ಹೆಚ್ಚು ಬರುವ ಕೋನಕ್ಕೆ ತಿರುಗಿಸಿಯೇ ಗುರುತು ಹಾಕಿಕೊಳ್ಳಬೇಕು.

ಮಳೆ ಬಂದಾಗ ಕೆಟ್ಟು, ಬಿಸಿಲು ಬಂದಾಗ ತಾನೇ ಸರಿಹೋಗುವುದಾದರೆ ನೀರು ಸೇರಬಾರದ ಕಡೆ ಸೇರಿದೆ ಎಂದರ್ಥ: ಪಿಂಗಾಣಿಯ ಮೇಲೆ, ಕೇಬಲ್ಲಿನ ಒಳಗೆ, ಕೇಬಲ್ಲನ್ನು ಮಾಸ್ಟಿಗೆ ಹೊಂದಿಸುವ ಟ್ಯೂನಿಂಗ್ ಪೆಟ್ಟಿಗೆಯ ಒಳಗೆ. ಬಿಸಿಲಿಗೆ ಕೆಟ್ಟು ಮಳೆಗೆ ಸರಿಹೋಗುವುದಾದರೆ ನೀರು ಇರಬೇಕಾದ ಕಡೆ ಇಲ್ಲ, ಅಂದರೆ ನೆಲದಲ್ಲಿ. ಇಷ್ಟು ಸರಳವಾದ ಭೇದವನ್ನು ನಾವು ಮೊದಲ ದಿನವೇ ಕಾಣಲಿಲ್ಲ. ಕೇಂದ್ರದ ಸುತ್ತ ಎಲ್ಲ ದಿಕ್ಕಿನಲ್ಲೂ ದನಿ ಸಮಸಮವಾಗಿ ತಗ್ಗಿತ್ತು ಎಂಬುದೂ ಅದೇ ಕಡೆಗೆ ಬೊಟ್ಟು ಮಾಡುತ್ತಿತ್ತು. ಒಂದೇ ಹಳ್ಳಿಗೆ ಕೇಳದಿದ್ದರೆ ಕಾರಣವನ್ನು ಆ ಹಳ್ಳಿಯಲ್ಲಿಯೇ ಹುಡುಕಬೇಕಾಗುತ್ತದೆ.

ಕೈ ಹಾಕುವ ಮುನ್ನ

ಇಂಥ ಕೇಂದ್ರಗಳಲ್ಲಿ ಮಾಸ್ಟ್ ಆಂಟೆನಾವನ್ನು ಹೊರುವ ಕಂಬವಲ್ಲ, ಮಾಸ್ಟೇ ಆಂಟೆನಾ. ಅದು ಪಿಂಗಾಣಿಯ ಇನ್ಸುಲೇಟರಿನ ಮೇಲೆ ನಿಂತಿರುತ್ತದೆ. ಪ್ರಸಾರ ನಡೆಯುವಾಗ ಬುಡದಿಂದ ತುದಿಯವರೆಗೂ ಜೀವಂತವಾಗಿರುತ್ತದೆ. ನೆಲದ ಮೇಲೆ ನಿಂತು ಅದನ್ನು ಮುಟ್ಟಿದವರಿಗೆ ಚರ್ಮದಡಿಯವರೆಗೂ ಸುಟ್ಟಗಾಯವಾಗುತ್ತದೆ. ಬೇಲಿಯ ಒಳಗೆ ಹೋಗುವ ಮೊದಲು ಟ್ರಾನ್ಸ್‌ಮಿಟರನ್ನು ಆರಿಸಿ, ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಹೋಗುವವರ ಜೇಬಿನಲ್ಲಿಯೇ ಇಡಬೇಕು. ಮಾಸ್ಟಿನ ಬುಡವನ್ನು ಕೊಕ್ಕೆಯಿರುವ ಅರ್ಥಿಂಗ್ ಕೋಲಿನಿಂದ ನೆಲಕ್ಕೆ ಸೇರಿಸಬೇಕು. ಟ್ರಾನ್ಸ್‌ಮಿಟರಿನೊಳಗೆ ಕೈಯಿಡುವಾಗಲೂ ಹೆಚ್ಚು ವೋಲ್ಟೇಜಿನ ಕೆಪಾಸಿಟರುಗಳಿಗೆ ಇದೇ ಕ್ರಮ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಆಗಸದ ಮೂಲೆಯಲ್ಲಿ ಒಂದು ಗುಡುಗು ಕೇಳಿದರೂ ಮಾಸ್ಟಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ದೋಷ ಟ್ರಾನ್ಸ್‌ಮಿಟರಿನಲ್ಲಿದೆಯೇ, ಹೊರಗಿದೆಯೇ

ಟ್ರಾನ್ಸ್‌ಮಿಟರಿನಿಂದ ಆಂಟೆನಾ ಕೇಬಲ್ಲನ್ನು ತೆಗೆದು, ಆಂಟೆನಾದ ಬದಲಿಗೆ ಶಕ್ತಿಯನ್ನು ಶಾಖವಾಗಿ ನುಂಗುವ 50 ಓಮಿನ ಡಮ್ಮಿ ಲೋಡ್ ಜೋಡಿಸಿ ಪೂರ್ಣ ಶಕ್ತಿಯಲ್ಲಿ ನಡೆಸಿ ನೋಡಬೇಕು. ಪೂರ್ಣ ಮಾಡ್ಯುಲೇಷನ್ (ತರಂಗದ ಮೇಲೆ ದನಿಯನ್ನು ಹೇರುವುದು) ಆದಾಗ ಒಟ್ಟು ಶಕ್ತಿ ಒಂದೂವರೆ ಪಟ್ಟಾಗುವುದರಿಂದ, 1 ಕಿಲೋವ್ಯಾಟ್ ಟ್ರಾನ್ಸ್‌ಮಿಟರಿಗೆ 1500 ವ್ಯಾಟನ್ನು ಧಾರಾಳವಾಗಿ ತಾಳುವ ಲೋಡ್ ಬೇಕು. 1000 ವ್ಯಾಟ್ ವಾಹಕ ತರಂಗಕ್ಕೆ (ದನಿಯನ್ನು ಹೊರುವ ಮೂಲ ತರಂಗಕ್ಕೆ) ಲೋಡಿನಲ್ಲಿ ಸುಮಾರು 4.5 ಆಂಪಿಯರ್ ಹರಿಯಬೇಕು. ಹರಿದರೆ, ಪಕ್ಕದ ಕೋಣೆಯ ರೇಡಿಯೋದಲ್ಲಿ ದನಿ ಸ್ವಚ್ಛವಾಗಿ ಕೇಳಿದರೆ, ಟ್ರಾನ್ಸ್‌ಮಿಟರಿನ ತಪ್ಪಿಲ್ಲ. ನಮ್ಮದು ಈ ಪರೀಕ್ಷೆಯಲ್ಲಿ ಗೆದ್ದಿತು. ಆದರೂ, ಶಕ್ತಿ ಸಾಲದೆಂದು ದೊಡ್ಡ ಟ್ರಾನ್ಸ್‌ಮಿಟರ್ ತರಿಸುವ ಮಾತು ನಮ್ಮಲ್ಲಿ ಎದ್ದಿತು. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದ ಬಾನುಲಿಯ ಶಕ್ತಿ ಕೇವಲ 30 ವ್ಯಾಟ್ ಎಂಬುದನ್ನು ನೆನಪಿಸಿ ಆ ಮಾತನ್ನು ಮುಂದೂಡಿದೆವು. ಸೋರುವ ಕೊಡಕ್ಕೆ ಹೆಚ್ಚು ನೀರು ಸುರಿಯುವುದು ದುರಸ್ತಿಯಲ್ಲ.

ಮುಂದಿನದು ಕೇಬಲ್. ಎರಡೂ ತುದಿ ಬಿಡಿಸಿ, ನಡುವಿನ ತಂತಿಗೂ ಹೊರಕವಚಕ್ಕೂ ಮಧ್ಯೆ ಮೆಗ್ಗರ್ (ನಿರೋಧಕತೆ ಅಳೆಯುವ ಮೀಟರ್) ಹಿಡಿದು ನೋಡಬೇಕು. ಬಿಡಿಸದೆ ನೋಡಿದರೆ, ಮಾಸ್ಟಿನಲ್ಲಿ ಸೇರುವ ಸ್ಥಿರವಿದ್ಯುತ್ತನ್ನು ನೆಲಕ್ಕೆ ಇಳಿಸಲೆಂದು ಕೂಡಿಸಿರುವ ಚೋಕ್ ಅಡ್ಡ ಬಂದು, ಸರಿಯಿರುವ ಕೇಬಲ್ಲೂ ಶಾರ್ಟ್ ಆದಂತೆ ಕಾಣುತ್ತದೆ; ಈ ತಪ್ಪನ್ನು ನಾವೂ ಮಾಡಿ ಅರ್ಧ ದಿನ ಕಳೆದೆವು. ಇನ್ಸುಲೇಟರಿನ ಪಾಚಿ, ಜೇಡನ ಬಲೆ, ಸಿಡಿಲನ್ನು ನೆಲಕ್ಕೆ ಹಾಯಿಸುವ ಕಿಡಿಗೋಲಗಳ ನಡುವೆ ಗೂಡು ಕಟ್ಟಿದ ಕಣಜ, ಟ್ಯೂನಿಂಗ್ ಪೆಟ್ಟಿಗೆಯೊಳಗೆ ಸೇರಿದ ಹಲ್ಲಿ ಮತ್ತು ಗೆದ್ದಲು, ಇವೆಲ್ಲ ಮಳೆಗಾಲದ ದೋಷಗಳು. ಅವನ್ನು ತೊಳೆದು ಒರೆಸಿ ಮುಚ್ಚಿದರೆ ಕೆಲಸ ಮುಗಿಯುತ್ತದೆ. ಪುಷ್ಯ ಮಳೆ ಹಿಡಿದಿರುವಾಗ ಅದನ್ನು ವಾರಕ್ಕೊಮ್ಮೆ ಮಾಡಬೇಕಾಗುತ್ತದೆ ಎಂಬುದಷ್ಟೇ ವಿಶೇಷ.

ಸುರುಳಿಯ ಮೇಲಿನ ಹೊಳೆಯುವ ಕಲೆ

ಮಾಸ್ಟಿನ ಬುಡದ ಗೂಡಿನಲ್ಲಿರುವ ಆಂಟೆನಾ ಟ್ಯೂನಿಂಗ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಣ್ಣಿಗೆ ಬಿದ್ದ ಒಂದು ಸಣ್ಣ ಗುರುತು ಎಲ್ಲವನ್ನೂ ಬಯಲು ಮಾಡಿತು. ತಾಮ್ರದ ದಪ್ಪ ಸುರುಳಿ ವರ್ಷಗಳ ಗಾಳಿಗೆ ಕಂದುಗಪ್ಪಾಗಿತ್ತು. ಅದರ ಒಂದು ಸುತ್ತಿನ ಮೇಲೆ ಮಾತ್ರ, ಕಿರುಬೆರಳ ಅಗಲದಷ್ಟು ಜಾಗ, ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಸುರುಳಿಯ ಎಷ್ಟು ಸುತ್ತು ಬಳಕೆಯಾಗಬೇಕೆಂದು ನಿಗದಿ ಮಾಡುವ ಕ್ಲಿಪ್ಪು ಬಹುಕಾಲ ಕಚ್ಚಿ ಹಿಡಿದಿದ್ದರಿಂದ ಗಾಳಿ ತಾಗದೆ ಉಳಿದ ಜಾಗವದು. ಈಗ ಕ್ಲಿಪ್ಪು ಅಲ್ಲಿರಲಿಲ್ಲ. ಮೂರು ಸುತ್ತು ಆಚೆ ಇತ್ತು.

ಅಂದರೆ, ಆಂಟೆನಾದ ಗುಣ ಬದಲಾಗಿದೆ. ತಿರುಗಿ ಬರುವ ಶಕ್ತಿ ಏರಿದ್ದನ್ನು ಕಂಡ ಯಾರೋ, ಕಾರಣ ಹುಡುಕುವ ಬದಲು, ಕ್ಲಿಪ್ಪನ್ನು ಸರಿಸಿ ಮೀಟರನ್ನು ಸೊನ್ನೆಗೆ ತಂದಿದ್ದಾರೆ. ಜ್ವರ ಇಳಿಸದೆ ಥರ್ಮಾಮೀಟರನ್ನು ತಿದ್ದಿದ ಹಾಗೆ. ತಿರುಗಿ ಬರುವ ಶಕ್ತಿ ಸೊನ್ನೆ ಎಂದರೆ ಟ್ರಾನ್ಸ್‌ಮಿಟರ್ ಕೊಟ್ಟದ್ದನ್ನೆಲ್ಲ ಆಚೆಯದು ನುಂಗಿದೆ ಎಂದು ಮಾತ್ರ ಅರ್ಥ. ನುಂಗಿದ್ದು ಗಾಳಿಗೆ ಹೋಯಿತೋ ಮಣ್ಣಿಗೆ ಹೋಯಿತೋ ಎಂಬುದನ್ನು ಆ ಮೀಟರ್ ಹೇಳಲಾರದು. ಈ ಒಂದು ವಾಕ್ಯವನ್ನು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆದಿಡಬೇಕೆಂದು ನನಗೆ ಅನ್ನಿಸುತ್ತದೆ.

ಅದನ್ನು ಹೇಳಬಲ್ಲದ್ದು ಮಾಸ್ಟಿನ ಬುಡದ ಆಂಪಿಯರ್ ಮೀಟರ್. ಲೆಕ್ಕ ಹೀಗಿದೆ. ತರಂಗದೂರದ ಕಾಲು ಭಾಗದಷ್ಟು ಎತ್ತರದ ಮಾಸ್ಟಿನ ಪ್ರಸರಣ ರೋಧ (ಗಾಳಿಗೆ ಹೋಗುವ ಶಕ್ತಿಯ ಲೆಕ್ಕಕ್ಕೆ ಬರುವ ರೋಧ) ಸುಮಾರು 36 ಓಮ್. 1584 ಕಿಲೋಹರ್ಟ್ಸಿನ ಕೇಂದ್ರವಾದರೆ ಆ ಎತ್ತರ 47 ಮೀಟರಿನಷ್ಟು. 675 ಕಿಲೋಹರ್ಟ್ಸಿಗಾದರೆ 111 ಮೀಟರ್ ಬೇಕು. ಮಾಸ್ಟಿನ ಸುತ್ತ ಹೂತ ನೆಲದ ತಂತಿಗಳು ಚೆನ್ನಾಗಿದ್ದು, ಮಣ್ಣಿಗೆ ಹೋಗುವ ಶಕ್ತಿಯ ರೋಧ, ಅಂದರೆ ನೆಲದ ನಷ್ಟರೋಧ, 4 ಓಮ್ ಇದ್ದರೆ ಒಟ್ಟು 40 ಓಮ್. 1000 ವ್ಯಾಟಿಗೆ 5 ಆಂಪಿಯರ್ ಹರಿದು, 900 ವ್ಯಾಟ್ ಗಾಳಿಗೆ ಹೋಗುತ್ತದೆ. ನೆಲದ ನಷ್ಟರೋಧ 60 ಓಮಿಗೆ ಏರಿತೆಂದುಕೊಳ್ಳಿ. ಒಟ್ಟು 96 ಓಮ್. ಕ್ಲಿಪ್ಪು ಸರಿಸಿ ಹೊಂದಿಸಿದರೆ ಟ್ರಾನ್ಸ್‌ಮಿಟರ್ ಈಗಲೂ 1000 ವ್ಯಾಟ್ ಕೊಡುತ್ತದೆ, ಆದರೆ ಬುಡದಲ್ಲಿ ಹರಿಯುವುದು 3.2 ಆಂಪಿಯರ್, ಗಾಳಿಗೆ ಹೋಗುವುದು 375 ವ್ಯಾಟ್. ಉಳಿದ 625 ವ್ಯಾಟ್ ಜಂಬಿಟ್ಟಿಗೆ ಮಣ್ಣನ್ನು ಬೆಚ್ಚಗೆ ಮಾಡುವುದಕ್ಕೆ ವೆಚ್ಚವಾಗುತ್ತದೆ. ಹತ್ತಿರದ ಊರಿನವರಿಗೆ ಈ ವ್ಯತ್ಯಾಸ ಗೊತ್ತೂ ಆಗುವುದಿಲ್ಲ; ಗದ್ದಲದ ಮೇಲೆ ಕಷ್ಟಪಟ್ಟು ತೇಲುತ್ತಿದ್ದ ಅಂಚಿನ ಹಳ್ಳಿಯಲ್ಲಿ ದನಿ ಮುಳುಗಿಹೋಗುತ್ತದೆ.

ಹಳೆಯ ದಾಖಲೆ ಪುಸ್ತಕದಲ್ಲಿ ಬುಡದ ಪ್ರವಾಹ 5 ಆಂಪಿಯರಿಗೆ ತುಸು ಕಡಿಮೆ ಎಂದಿತ್ತು. ನಮ್ಮ ಮೀಟರ್ 3 ಮತ್ತು 4ರ ನಡುವೆ ನಿಂತಿತ್ತು. ಈ ಅಳತೆಯನ್ನು ಮಾತು, ಸಂಗೀತ ಯಾವುದೂ ಇಲ್ಲದ ಬರಿಯ ವಾಹಕ ತರಂಗದಲ್ಲಿ ಮಾಡಬೇಕು. ಪೂರ್ಣ ಮಾಡ್ಯುಲೇಷನ್ ಇದ್ದಾಗ ಪ್ರವಾಹ ಶೇಕಡಾ 22ರಷ್ಟು ಏರಿ ದಾರಿ ತಪ್ಪಿಸುತ್ತದೆ.

ನೆಲದಡಿಯ ಹುಡುಕಾಟ

ಮಾಸ್ಟಿನ ಬುಡದಿಂದ ಸುತ್ತಲೂ, ಬಂಡಿಯ ಚಕ್ರದ ಅರಗಳಂತೆ, ತಾಮ್ರದ ತಂತಿಗಳನ್ನು ನೆಲದಲ್ಲಿ ಹೂತಿರುತ್ತಾರೆ. ಪೂರ್ಣ ವ್ಯವಸ್ಥೆಯಲ್ಲಿ ಅವು 120. ಮೂರು ಡಿಗ್ರಿಗೆ ಒಂದರಂತೆ. ಒಂದೊಂದೂ 47 ಮೀಟರ್ ಎಂದರೆ ಒಟ್ಟು ಐದೂವರೆ ಕಿಲೋಮೀಟರಿಗೂ ಹೆಚ್ಚು ತಾಮ್ರ. ಮಾಸ್ಟಿನಿಂದ ಹೊರಟ ಪ್ರವಾಹ ಮರಳಿ ಬರಬೇಕಾದ ದಾರಿ ಇದು. ತಂತಿ ತುಂಡಾದರೆ ಆ ಪ್ರವಾಹ ಮಣ್ಣಿನ ಮೂಲಕ ಬರಬೇಕಾಗುತ್ತದೆ. ನಮ್ಮ ಗುಡ್ಡದ ಜಂಬಿಟ್ಟಿಗೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿಕೊಂಡು ಹೇಗೋ ದಾರಿ ಬಿಡುತ್ತದೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ನೀರು ಬಸಿದು ಕಲ್ಲಿನಂತಾಗಿ ಆ ದಾರಿಯನ್ನು ಮುಚ್ಚುತ್ತದೆ. ಜಗಲಿಯ ಮೇಲಿನ ಹಿರಿಯರು ಬಾವಿಯ ಹೋಲಿಕೆ ಕೊಟ್ಟದ್ದು ಅಕ್ಷರಶಃ ಸರಿಯಾಗಿತ್ತು: ಬಾವಿಯನ್ನೂ ನಮ್ಮ ದನಿಯನ್ನೂ ಬತ್ತಿಸುತ್ತಿದ್ದದ್ದು ಒಂದೇ ಮಣ್ಣು.

ಯಾವ ತಂತಿ ತುಂಡಾಗಿದೆ ಎಂದು ತಿಳಿಯಲು ನೆಲವನ್ನೆಲ್ಲ ಅಗೆಯಬೇಕಾಗಿಲ್ಲ. ಅಂಗೈ ಅಗಲದ ಸುರುಳಿ, ಒಂದು ಡಯೋಡ್, ಒಂದು ಮೈಕ್ರೋ ಆಂಪಿಯರ್ ಮೀಟರ್ ಸೇರಿಸಿ ಉದ್ದ ಬಿದಿರ ಗಳುವಿನ ತುದಿಗೆ ಕಟ್ಟಿದರೆ ಸಾಧನ ಸಿದ್ಧ. ಶಕ್ತಿಯನ್ನು ಕೆಲವೇ ಹತ್ತು ವ್ಯಾಟಿಗೆ ಇಳಿಸಿ, ಬೇಲಿಯ ಹೊರಗಿನಿಂದ, ಮಾಸ್ಟಿನ ಸುತ್ತ ಒಂದೇ ದೂರದಲ್ಲಿ ಪ್ರದಕ್ಷಿಣೆಯಾಗಿ ನಡೆಯುತ್ತಾ ಸುರುಳಿಯನ್ನು ನೆಲಕ್ಕೆ ಹತ್ತಿರವಾಗಿ ಹಿಡಿದು ಸಾಗಬೇಕು. ಜೀವವಿರುವ ತಂತಿಯ ಮೇಲೆ ಬಂದಾಗ ಮುಳ್ಳು ಏಳುತ್ತದೆ, ದಾಟಿದಾಗ ಇಳಿಯುತ್ತದೆ. ಏಳಬೇಕಾದ ಕಡೆ ಏಳದಿದ್ದರೆ ಅಲ್ಲೊಂದು ಸುಣ್ಣದ ಗುರುತು ಹಾಕಬೇಕು. ನಮ್ಮಲ್ಲಿ ಪಶ್ಚಿಮದ ಇಳಿಜಾರಿನ ಉದ್ದಕ್ಕೂ ಸುಣ್ಣದ ಗುರುತುಗಳೇ ಸಾಲಾಗಿ ಬಿದ್ದವು. ಕೇಂದ್ರ ಮುಚ್ಚಿದ್ದ ವರ್ಷಗಳಲ್ಲಿ ಮಳೆನೀರು ಕಟ್ಟಡಕ್ಕೆ ನುಗ್ಗದಿರಲೆಂದು ಅಲ್ಲೊಂದು ಬಸಿಗಾಲುವೆ ತೋಡಿದ್ದರು. ಒಳ್ಳೆಯ ಉದ್ದೇಶದಿಂದಲೇ ತೋಡಿದ ಆ ಕಾಲುವೆ ಗೇಣುದ್ದ ಆಳದಲ್ಲಿದ್ದ ತಂತಿಗಳನ್ನು ಒಂದೊಂದಾಗಿ ಕಡಿದು ಹಾಕಿತ್ತು. ಕಾಲುವೆಯ ದರೆಯಲ್ಲಿ ತಾಮ್ರದ ತುದಿಗಳು ಬೇರಿನಂತೆ ಚಾಚಿಕೊಂಡಿದ್ದವು.

ಉಳಿದ ದಿಕ್ಕುಗಳ ತಂತಿಗಳೂ ದುರ್ಬಲವಾಗಿದ್ದವು. ಬುಡದ ತಾಮ್ರದ ಪಟ್ಟಿಯ ಸುತ್ತ ಮಣ್ಣು ಸರಿಸಿದಾಗ ಕಾರಣ ಸಿಕ್ಕಿತು. ತಂತಿಗಳನ್ನು ಪಟ್ಟಿಗೆ ಸೇರಿಸಿದ್ದ ಕಡೆ ಮಾಮೂಲಿ ಸೀಸದ ಬೆಸುಗೆ ಹಾಕಿದ್ದರು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದು ಬೂದುಬಣ್ಣದ ಪುಡಿಯಾಗಿತ್ತು. ಕೆಲವೆಡೆ ಬೋಲ್ಟಿಗೆ ಸತುವು ಲೇಪಿಸಿದ ವಾಷರ್ ಇತ್ತು. ತಾಮ್ರದ ಪಕ್ಕದಲ್ಲಿ ಒದ್ದೆಯಾಗಿ ಕೂತ ಸತುವು ತಾನೇ ಕರಗಿಹೋಗಿ, ಹಸಿರು ಕಿಲುಬಿನ ನಡುವೆ ಬೋಲ್ಟು ಸಡಿಲವಾಗಿ ಅಲ್ಲಾಡುತ್ತಿತ್ತು. ಉಗುರಿನಿಂದ ಒತ್ತಿದರೆ ತಂತಿ ಕಳಚಿ ಬರುತ್ತಿತ್ತು.

ದುರಸ್ತಿ

ಕಾಲುವೆಯನ್ನು ಮುಚ್ಚುವ ಬದಲು, ತಂತಿಗಳನ್ನು ಅದರ ತಳಕ್ಕಿಂತ ಕೆಳಗೆ ಇಳಿಸಿ ದಾಟಿಸಿದೆವು. ನೀರಿಗೂ ದಾರಿ ಬೇಕು. ಕೂಡುಗಳನ್ನೆಲ್ಲ ಉಜ್ಜಿ ಸ್ವಚ್ಛಗೊಳಿಸಿ ಬೆಳ್ಳಿಯಂಶವಿರುವ ಗಟ್ಟಿ ಬೆಸುಗೆ ಹಾಕಿಸಿದೆವು. ಅದಕ್ಕೆ ಗ್ಯಾಸ್ ಬೆಂಕಿ ಬೇಕು, ಕೈ ಬೆಸುಗೆ ಕಡ್ಡಿಯಿಂದ ಆಗುವುದಿಲ್ಲ. ತಾಮ್ರಕ್ಕೆ ಹಣ ಸಾಲದಿದ್ದಾಗ ಕೆಲವೇ ಉದ್ದ ತಂತಿಗಳನ್ನು ಎಳೆಯುವುದಕ್ಕಿಂತ, ತುಸು ಗಿಡ್ಡವಾದರೂ ಹೆಚ್ಚು ಎಣಿಕೆಯ ತಂತಿಗಳನ್ನು ಸುತ್ತಲೂ ಸಮವಾಗಿ ಹರಡುವುದು ಮೇಲು, ಏಕೆಂದರೆ ನಷ್ಟದ ಬಹುಪಾಲು ಬುಡದ ಹತ್ತಿರವೇ ಆಗುತ್ತದೆ. ನೆಲ ಸರಿಹೋದಂತೆ ತಿರುಗಿ ಬರುವ ಶಕ್ತಿ ಏರುತ್ತದೆ. ಇದನ್ನು ಕಂಡು ಗಾಬರಿಯಾಗಬಾರದು. ರೋಗಿಷ್ಠ ಆಂಟೆನಾಕ್ಕೆ ಹೊಂದಿಸಿದ್ದ ಪೆಟ್ಟಿಗೆ ಈಗ ಆರೋಗ್ಯವಂತ ಆಂಟೆನಾಕ್ಕೆ ಹೊಂದುತ್ತಿಲ್ಲ, ಅಷ್ಟೇ. ಶಕ್ತಿ ತಗ್ಗಿಸಿ ಕ್ಲಿಪ್ಪನ್ನು ಸರಿಸುತ್ತಾ ಹೋದಾಗ ಅದು ಬಂದು ನಿಂತದ್ದು ಹಳೆಯ ಹೊಳೆಯುವ ಕಲೆಯಿಂದ ಕಾಲು ಸುತ್ತಿನಷ್ಟೇ ದೂರದಲ್ಲಿ.

ಆಂಟೆನಾ ಸರಿಯಿದ್ದೂ ದನಿ ಕ್ಷೀಣವಾಗಿದ್ದರೆ

ವಾಹಕ ತರಂಗ ಬಲವಾಗಿದ್ದು ಮಾತು ಮಾತ್ರ ಸಣ್ಣಗೆ ಕೇಳುವುದಾದರೆ ಮಾಡ್ಯುಲೇಷನ್ ಕಡಿಮೆಯಾಗಿದೆ. ಶೇಕಡಾ 100ರಲ್ಲಿ ದನಿಯನ್ನು ಹೊತ್ತ ಪಕ್ಕಪಟ್ಟಿಗಳಲ್ಲಿ 500 ವ್ಯಾಟ್ ಇದ್ದರೆ ಶೇಕಡಾ 30ರಲ್ಲಿ ಇರುವುದು 45 ವ್ಯಾಟ್ ಮಾತ್ರ. ಮಾತಿನ ಏರಿಳಿತಕ್ಕೆ ಬುಡದ ಮೀಟರಿನ ಮುಳ್ಳು ಚೂರೂ ಕದಲದಿದ್ದರೆ ಸ್ಟುಡಿಯೋ ಕಡೆಯ ಮಟ್ಟವನ್ನು ನೋಡಬೇಕು. ಗುಂಯ್ ಎನ್ನುವ ಸದ್ದು 50 ಹರ್ಟ್ಸಿನದ್ದಾದರೆ ಅರ್ಥಿಂಗಿನ ಸುತ್ತುದಾರಿಯನ್ನೂ, 100 ಹರ್ಟ್ಸಿನದ್ದಾದರೆ ವಿದ್ಯುತ್ ಪೂರೈಕೆಯ ಒಣಗಿದ ಕೆಪಾಸಿಟರನ್ನೂ ಶಂಕಿಸಬೇಕು.

ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎನ್ನುವ ಸದ್ದು ಕೇಂದ್ರದ್ದಲ್ಲ. ಕಾಡುಹಂದಿಗೆಂದು ತೋಟಕ್ಕೆ ಹಾಕಿದ ಸೋಲಾರ್ ಬೇಲಿಯ ತಂತಿಗೆ ಎಲ್ಲೋ ಹಸಿ ಬಳ್ಳಿ ತಾಗಿ ಕಿಡಿ ಹಾರುತ್ತಿದೆ. ಬಳ್ಳಿ ಸವರಿದರೆ ನಿಲ್ಲುತ್ತದೆ, ಬೇಲಿಗೂ ಒಳ್ಳೆಯದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಬ್ಬಿಸುವ ಗದ್ದಲವನ್ನು ಅವನ್ನು ಒಂದೊಂದಾಗಿ ಆರಿಸಿ ಪತ್ತೆ ಹಚ್ಚಬಹುದು. ಕೇಳುಗರ ಮನೆಗೆ ಹೋಗಿ ಇಷ್ಟನ್ನು ತೋರಿಸಿಕೊಡುವುದು ಕೇಂದ್ರದವರ ಕೆಲಸದ ಭಾಗವೇ ಎಂದು ನಾನು ತಿಳಿದಿದ್ದೇನೆ.

ಪರೀಕ್ಷೆಯ ಕೊನೆಯ ಹಂತ

ನೆಲದ ದುರಸ್ತಿ ಮುಗಿದ ತಕ್ಷಣದ ಅಳತೆಯನ್ನು ನಂಬಬಾರದು, ಅದು ಮಳೆಗಾಲದಲ್ಲಿ ಮುಗಿದಿದ್ದರೆ ನಂಬಲೇಬಾರದು. ಒದ್ದೆ ಮಣ್ಣು ಅರೆಬರೆ ಕೆಲಸವನ್ನೂ ಮುಚ್ಚಿಡುತ್ತದೆ. ದಾಖಲೆ ಪುಸ್ತಕದಲ್ಲಿ ಬುಡದ ಪ್ರವಾಹ, ಕ್ಲಿಪ್ಪಿನ ಸ್ಥಾನ, ಆ ವಾರದ ಮಳೆ ಇವನ್ನು ಒಂದೇ ಸಾಲಿನಲ್ಲಿ ಬರೆಯುತ್ತಾ ಹೋಗಬೇಕು. ನಮ್ಮ ದುರಸ್ತಿ ಜೂನ್ ಹೊತ್ತಿಗೆ ಮುಗಿದಿತ್ತು. ನಾವು ಮಾರ್ಚ್ ತಿಂಗಳವರೆಗೆ ಕಾದೆವು. ತುಂಗೆಯಲ್ಲಿ ನೀರಿಳಿದು ಬಂಡೆಗಳು ಮೇಲೆ ಕಾಣುತ್ತಿದ್ದ ಒಂದು ಮಧ್ಯಾಹ್ನ ಬುಡದ ಮೀಟರ್ 4.8 ಆಂಪಿಯರ್ ತೋರಿಸಿತು. ಅದೇ ಹೊತ್ತಿಗೆ ಅಂಚಿನ ಹಳ್ಳಿಯ ಆ ಜಗಲಿಯಿಂದ ಫೋನು ಬಂತು. ಹಿನ್ನೆಲೆಯಲ್ಲಿ, ಮಂಗ ಸತ್ತ ಕಾಡಿನ ಕಡೆ ಹೋಗಬೇಡಿ ಎನ್ನುವ ನಮ್ಮದೇ ಪ್ರಕಟಣೆ ಕೇಳುತ್ತಿತ್ತು.